ಓಟು, ನೋಟು ಮತ್ತು ಭಟೂರೆ

ಕಳೆದ ಸಲ ನಮ್ಮ ಕಾಲೇಜಿನ ಯೂನಿಯನ್ ಚುನಾವಣೆ ನಡೆದಾಗ ನಾನು ಒಬ್ಬ ಅಭ್ಯರ್ಥಿಯ ಖರ್ಚಿನಲ್ಲಿ ಎರಡು ಪ್ಲೇಟು ಛೋಲೆ ಭಟೂರೆ ತಿಂದೆ, ಒಂದು ಸಿನಿಮಾ ನೋಡಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಈ ಲೇಖನ ಓದಿದವರು ಯಾರಾದರೂ ಕ್ಯಾಂಟೀನಿನಲ್ಲಿ ಹಿಡಿದು ಕೇಳ್ತಾರೆ. ಅವನಿಗೆ ಓಟು ಹಾಕಿದೆನೋ ಇಲ್ಲವೋ ಎಂಬುದು ಮಾತ್ರ ಗುಟ್ಟು. ಗುಪ್ತ ಮತದಾನ ಇರುವುದೇ ನಮ್ಮಂಥವರ ಮಾನ ಉಳಿಸೋದಕ್ಕೆ!

ಅದೇ ಚುನಾವಣೆಗೆ ನಮ್ಮ ಕನ್ನಡ ಬಳಗದ ಗೆಳೆಯನೊಬ್ಬ, ಕಲಬುರ್ಗಿ ಕಡೆಯವನು, ನಿಲ್ಲಬೇಕು ಅಂತಿದ್ದ. ಹಾಸ್ಟೆಲಿನ ನೀರು, ಲೈಬ್ರರಿಯ ಸಮಯ, ಹೀಗೆ ಅವನ ಹತ್ತಿರ ಹೇಳೋದಕ್ಕೆ ಮಾತಿತ್ತು. ಮೂರು ದಿನ ಓಡಾಡಿದ. ನಾಲ್ಕನೆಯ ದಿನ ರೂಮಿಗೆ ಬಂದು, "ಬ್ಯಾಡ ಬಿಡಪಾ. ಅವರು ನಾಕು ಗಾಡಿ ಬಿಟ್ಟಾರ, ದಿನಾ ಐವತ್ತು ಮಂದಿಗೆ ಊಟ ಹಾಕಸ್ಲಿಕತ್ತಾರ. ನನ್ನ ಹತ್ರ ಮೆಸ್ಸಿಗೆ ಕಟ್ಟಲಿಕ್ಕೇ ರೊಕ್ಕಿಲ್ಲ" ಅಂದ. ನಾವೆಲ್ಲ "ಅಯ್ಯೋ ಪಾಪ" ಅಂದೆವು. ಅವತ್ತು ಸಂಜೆಯೇ ಭಟೂರೆ ತಿನ್ನೋದಕ್ಕೆ ಹೋದೆವು.

ಅವನು ಚುನಾವಣೆಯಲ್ಲಿ ಸೋಲಲಿಲ್ಲ. ಚುನಾವಣೆಗೆ ಮುಂಚೆಯೇ ಸೋತ. ನನ್ನನ್ನು ಕಾಡುತ್ತಿರುವುದು ಇದೇ. ದೇಶದ ದೊಡ್ಡ ಚುನಾವಣೆಗಳಲ್ಲೂ ಹೀಗೆ ಮುಂಚೆಯೇ ಸೋತವರನ್ನು ಎಣಿಸುವವರು ಯಾರು?

ಚುನಾವಣೆ ಯಾಕಿಷ್ಟು ದುಬಾರಿ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ರಾಜಕಾರಣಿಗಳು ಕೆಟ್ಟವರು ಎಂಬುದು ಒಂದು. ಜನ ದುಡ್ಡಿಗೆ ಓಟು ಮಾರಿಕೊಳ್ತಾರೆ ಎಂಬುದು ಇನ್ನೊಂದು. ಎರಡರಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ಕೆಟ್ಟವರು 1952ರಲ್ಲೂ ಇದ್ದರಲ್ಲ? ಬಡವರು ಆಗ ಇನ್ನೂ ಹೆಚ್ಚಿದ್ದರು. ಹಾಗಾದರೆ ಏನು ಬದಲಾಯಿತು?

ಮೊದಲು ಖರ್ಚು ಏರಲೇಬೇಕಾದ ಕಾರಣ ಹೇಳಿಬಿಡ್ತೀನಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಇದ್ದ ಮತದಾರರು ಸುಮಾರು 17 ಕೋಟಿ, ಲೋಕಸಭೆಯ ಸ್ಥಾನ 489. ಅಂದರೆ ಸ್ಥಾನಕ್ಕೆ ಮೂರೂವರೆ ಲಕ್ಷ ಜನ. 2024ರಲ್ಲಿ ಮತದಾರರು ಸುಮಾರು 97 ಕೋಟಿ, ಸ್ಥಾನ 543. ಒಬ್ಬೊಬ್ಬನ ಪಾಲಿಗೆ ಹದಿನೇಳು ಹದಿನೆಂಟು ಲಕ್ಷ ಬಂತು. ದಿನಕ್ಕೆ ಸಾವಿರ ಜನರ ಕೈ ಕುಲುಕಿದರೂ ಎಲ್ಲರನ್ನೂ ಮುಟ್ಟೋದಕ್ಕೆ ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಮುಂದಿನ ಚುನಾವಣೆ ಬಂದಿರುತ್ತೆ! ಕೈ ಮುಟ್ಟದ ಕಡೆ ಪೋಸ್ಟರು, ಜೀಪು, ಟೀವಿ, ಫೋನು ಮುಟ್ಟಬೇಕು. ಅದಕ್ಕೆಲ್ಲ ಹಣ ಬೇಕು. ಇಷ್ಟು ನ್ಯಾಯವಾದದ್ದೇ.

ನ್ಯಾಯವಲ್ಲದ್ದು ಇದರ ಮೇಲೆ ಬೆಳೆದಿದೆ. ಊರ ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಸವಾಲು ಕೂಗುವುದನ್ನು ನೋಡಿದ್ದೀರಲ್ಲ? ಸಾವಿರ ಅಂದವನು ಗೆದ್ದರೆ ಸಾವಿರ ಕೊಡ್ತಾನೆ, ಒಂಬೈನೂರು ಅಂದು ಸೋತವನು ದುಡ್ಡು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗ್ತಾನೆ. ಚುನಾವಣೆಯ ಸವಾಲು ಹಾಗಲ್ಲ. ಇಲ್ಲಿ ಸೋತವನ ದುಡ್ಡೂ ಹೋಯಿತು. ಎರಡನೆಯ ಸ್ಥಾನಕ್ಕೆ ಸಮಾಧಾನದ ಬಹುಮಾನ ಇಲ್ಲ. ಆದ್ದರಿಂದ ಒಂದು ಸಲ ಇಳಿದ ಮೇಲೆ ಯಾರೂ ನಡುವೆ ನಿಲ್ಲಿಸಲಾರರು. ಎದುರಿನವನು ಹತ್ತು ಅಂದರೆ ಇವನು ಹನ್ನೊಂದು ಅನ್ನಲೇಬೇಕು. ಹಣ ಹಂಚಿದರೆ ಓಟು ಬಂದೇ ಬರುತ್ತೆ ಎಂಬ ಭರವಸೆ ಹಂಚುವವನಿಗೂ ಇಲ್ಲ. ಆದರೂ ಹಂಚ್ತಾನೆ, ಎದುರಿನವನು ಹಂಚಿದ್ದಾನೆ ಎಂಬ ಹೆದರಿಕೆಗೆ. 2017ರಲ್ಲಿ ಚೆನ್ನೈಯ ಆರ್.ಕೆ. ನಗರದ ಉಪಚುನಾವಣೆಯನ್ನೂ 2019ರಲ್ಲಿ ವೇಲೂರು ಲೋಕಸಭಾ ಚುನಾವಣೆಯನ್ನೂ ಹಣದ ಹಾವಳಿಯ ಕಾರಣಕ್ಕೇ ರದ್ದು ಮಾಡಬೇಕಾಯಿತು.

ಇದಕ್ಕೆ ಕಾನೂನಿನ ಕಡಿವಾಣ ಇಲ್ಲವೇ ಎಂದರೆ, ಇದೆ. 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಂಥ ದೊಡ್ಡ ರಾಜ್ಯದ ಅಭ್ಯರ್ಥಿಗೆ 95 ಲಕ್ಷದ ಮಿತಿ ಇತ್ತು. ಆದರೆ ಈ ಕಡಿವಾಣದ ಕಥೆ ನಮ್ಮ ದೆಹಲಿಯದೇ, ಕೇಳಿ. 1971ರಲ್ಲಿ ದೆಹಲಿ ಸದರ್ ಕ್ಷೇತ್ರದಲ್ಲಿ ಸೋತ ಕನ್ವರ್ ಲಾಲ್ ಗುಪ್ತ ಅವರು ಗೆದ್ದ ಅಮರನಾಥ ಚಾವ್ಲಾ ಅವರ ವಿರುದ್ಧ ಕೋರ್ಟಿಗೆ ಹೋದರು. ಅಭ್ಯರ್ಥಿಗೆ ಗೊತ್ತಿದ್ದು ಅವನ ಪರವಾಗಿ ಪಕ್ಷ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕು ಎಂದು ಸುಪ್ರೀಂ ಕೋರ್ಟು 1974ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ಎಷ್ಟು ಸರಳವಾದ ಮಾತು! ಆದರೆ ಕೆಲವೇ ವಾರಗಳಲ್ಲಿ ಸುಗ್ರೀವಾಜ್ಞೆ ಬಂತು, ವರ್ಷ ಮುಗಿಯುವುದರೊಳಗೆ ಕಾನೂನೇ ತಿದ್ದುಪಡಿ ಆಯಿತು. ಪಕ್ಷದ ಖರ್ಚು, ಮಿತ್ರರ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರೋದಿಲ್ಲ ಎಂದಾಯಿತು. 2003ರಲ್ಲಿ ಈ ಕಿಂಡಿಯನ್ನು ಸ್ವಲ್ಪ ಕಿರಿದು ಮಾಡಿದರು, ನಿಜ. ಆದರೂ ಪಕ್ಷ ತಾನಾಗಿ ಮಾಡುವ ಪ್ರಚಾರಕ್ಕೆ ಒಟ್ಟು ಇಷ್ಟೇ ಎಂಬ ಮಿತಿ 2024ರ ಚುನಾವಣೆಯಲ್ಲೂ ಇರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಹಿತ್ತಲಿಂದ ಬರುವವರು ಯಾರು? ಕಂಪನಿಗಳು ಪಕ್ಷಗಳಿಗೆ ಹಣ ಕೊಡುವುದನ್ನು 1969ರಲ್ಲಿ ನಿಷೇಧಿಸಿದರು, 1985ರಲ್ಲಿ ಮತ್ತೆ ಬಿಟ್ಟರು. ಲಾಭದಲ್ಲಿ ಇಷ್ಟು ಪಾಲು ಮಾತ್ರ ಎಂಬ ಮಿತಿ ಇತ್ತು. 2017ರಲ್ಲಿ ಅದನ್ನೂ ತೆಗೆದರು. 2018ರಲ್ಲಿ ಚುನಾವಣಾ ಬಾಂಡು ಬಂತು: ಯಾರು ಯಾರಿಗೆ ಕೊಟ್ಟರು ಎಂಬುದು ಓಟು ಹಾಕುವವನಿಗೆ ತಿಳಿಯದ ಏರ್ಪಾಟು. ಕೊನೆಗೆ 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಿತು. ನನ್ನ ಗುಪ್ತ ಮತದಾನದ ಹಾಗೆ ದುಡ್ಡು ಕೊಟ್ಟವನ ಹೆಸರೂ ಗುಪ್ತವಾಗಿರಬೇಕು ಎಂಬ ವಾದ ಕಡೆಗೂ ನಿಲ್ಲಲಿಲ್ಲ.

ಇದೆಲ್ಲದರ ಫಲ ನೋಡಿ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಕೂಡಿ ಕಳೆದು ಲೆಕ್ಕ ಹಾಕುತ್ತದೆ. 2009ರಲ್ಲಿ ಗೆದ್ದ ಲೋಕಸಭಾ ಸದಸ್ಯರಲ್ಲಿ ನೂರಕ್ಕೆ 58 ಜನ ಕೋಟ್ಯಧೀಶರು. 2024ರಲ್ಲಿ ನೂರಕ್ಕೆ 93. ರೂಪಾಯಿಯ ಬೆಲೆ ಇಳಿದಿದೆ, ಜಮೀನಿನ ಬೆಲೆ ಏರಿದೆ, ಒಪ್ಪಿದೆ. ಅಷ್ಟು ಕಳೆದರೂ ಉಳಿಯುವ ಮಾತು ಇಷ್ಟು: ಟಿಕೇಟು ಕೊಡುವಾಗ ಪಕ್ಷ ಕೇಳುವುದು "ಏನು ಮಾಡ್ತೀಯ" ಎಂದಲ್ಲ, "ಎಷ್ಟು ಹಾಕ್ತೀಯ" ಎಂದು. ನನ್ನ ಗೆಳೆಯನಂಥವನು ಆ ಬಾಗಿಲಲ್ಲೇ ತಿರುಗಿ ಹೋಗ್ತಾನೆ. ನಮಗೆ ಆರಿಸಿಕೊಳ್ಳೋದಕ್ಕೆ ಉಳಿಯುವವರು ದುಡ್ಡು ಮೊದಲೇ ಆರಿಸಿಟ್ಟವರು.

ಇದಕ್ಕೆ ವಿರುದ್ಧವಾದ ಒಂದು ಕಥೆ ನಮ್ಮ ಕನ್ನಡದ ನೆಲದಲ್ಲೇ ಇದೆ. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆರಿಸಿಬಂದ ಶಾಂತವೇರಿ ಗೋಪಾಲಗೌಡರು ಜನರ ಮುಂದಿಟ್ಟ ಬೇಡಿಕೆ "ಒಂದು ಓಟು, ಒಂದು ನೋಟು". ಓಟನ್ನೂ ನೀವೇ ಕೊಡಿ, ಖರ್ಚಿಗೆ ನೋಟನ್ನೂ ನೀವೇ ಕೊಡಿ! ಹಿಂದಿನ ವರ್ಷವಷ್ಟೇ ಕಾಗೋಡು ಸತ್ಯಾಗ್ರಹ ಕಂಡ ಗೇಣಿದಾರರ ನಾಡು ಅದು. ಇವತ್ತೂ ಓಟು ಉಂಟು, ನೋಟು ಉಂಟು. ನೋಟು ಹೋಗುವ ದಿಕ್ಕು ಮಾತ್ರ ತಿರುಗಿಬಿಟ್ಟಿದೆ. ನಾನು ಹೇಳಬೇಕೆಂದಿರುವುದು ಇಷ್ಟೇ. ನೋಟು ಕೊಟ್ಟವನು ಯಜಮಾನ, ತೆಗೆದುಕೊಂಡವನು ಆಳು. ಗೋಪಾಲಗೌಡರ ಮತದಾರ ಯಜಮಾನನಾಗಿದ್ದ. ಭಟೂರೆ ತಿಂದ ನಾನು ಐದು ನಿಮಿಷದಲ್ಲಿ ಆಳಾದೆ.

ಹದಿನೆಂಟು ಲಕ್ಷ ಜನರ ಕ್ಷೇತ್ರದಲ್ಲಿ ಒಂದೊಂದು ನೋಟಿನಿಂದ ಕೆಲಸ ಆಗೋದಿಲ್ಲ ಎನ್ನುವವರಿದ್ದಾರೆ. ಅದಕ್ಕೇ ಸರಕಾರವೇ ಒಂದಷ್ಟು ಭಾರ ಹೊರಲಿ, ನಗದಾಗಿ ಬೇಡ, ಸಾಮಗ್ರಿ ಸೌಲಭ್ಯಗಳ ರೂಪದಲ್ಲಿ ಎಂದು ಇಂದ್ರಜಿತ್ ಗುಪ್ತ ಸಮಿತಿ 1998ರಲ್ಲೇ ಹೇಳಿತ್ತು. ಆಗಲಿ. ಆದರೆ ಪಕ್ಷದ ಖರ್ಚಿಗೂ ಮಿತಿ, ಪೈಸೆ ಪೈಸೆಗೂ ಬಹಿರಂಗ ಲೆಕ್ಕ, ಇವೆರಡು ಮೊದಲು. ಹಿತ್ತಲ ಬಾಗಿಲು ಮುಚ್ಚದೆ ಸರಕಾರದ ದುಡ್ಡು ಸುರಿದರೆ ಸವಾಲಿನ ಕೂಗು ಇನ್ನಷ್ಟು ಮೇಲೆ ಹೋಗುತ್ತೆ, ಅಷ್ಟೇ.

ಪಾರ್ಲಿಮೆಂಟು ನಮ್ಮ ಮಾತು ಕೇಳೋದಿಲ್ಲ, ಸರಿ. ನಮ್ಮ ಕಾಲೇಜು? ವಿದ್ಯಾರ್ಥಿ ಚುನಾವಣೆಗಳಿಗೆ ಲಿಂಗ್ಡೋ ಸಮಿತಿಯ ನಿಯಮಗಳನ್ನು ಸುಪ್ರೀಂ ಕೋರ್ಟು 2006ರಲ್ಲೇ ಜಾರಿಗೆ ತಂದಿದೆ: ಅಭ್ಯರ್ಥಿಗೆ 5,000 ರೂಪಾಯಿ ಮಿತಿ, ಅಚ್ಚು ಹಾಕಿದ ಪೋಸ್ಟರು ಕೂಡದು. ಆದರೂ 2024ರಲ್ಲಿ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಗೋಡೆಗಳಿಗೆಲ್ಲ ಪೋಸ್ಟರು ಮೆತ್ತಿದ್ದರಿಂದ, ಅದು ಸ್ವಚ್ಛವಾಗುವ ತನಕ ಎಣಿಕೆ ಬೇಡ ಎಂದು ಹೈಕೋರ್ಟು ತಡೆಯಿತು. ಸೆಪ್ಟೆಂಬರ್ 27ಕ್ಕೆ ಬಿದ್ದ ಓಟಿನ ಫಲ ತಿಳಿದದ್ದು ನವೆಂಬರ್ 25ಕ್ಕೆ. ಇದೇ ಊರಿನ ಜೆ.ಎನ್.ಯು.ನಲ್ಲಿ ಕೈಯಲ್ಲಿ ಬರೆದ ಪೋಸ್ಟರು, ರಾತ್ರಿ ಊಟದ ಮೇಲೆ ಹಾಸ್ಟೆಲ್ ಮೆಸ್ಸಿನಲ್ಲಿ ಸಭೆ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಬಹಿರಂಗ ಚರ್ಚೆ, ಇವು ಹಳೆಯ ಪದ್ಧತಿ. ಅಲ್ಲಿ ಜಗಳ ಇಲ್ಲವೆಂದಲ್ಲ. ಮತದಾರರೂ ಕಡಿಮೆ. ಆದರೆ ಮತದಾರ ತಿನ್ನಲು ಬಂದರೆ ಖರ್ಚು ಏರುತ್ತೆ, ಪ್ರಶ್ನೆ ಕೇಳಲು ಬಂದರೆ ಇಳಿಯುತ್ತೆ ಎಂಬುದು ಅಲ್ಲಿ ಕಾಣುತ್ತೆ. ಪ್ರಶ್ನೆಗೆ ಕಾಸು ಬೇಕಿಲ್ಲ.

ಲಿಂಗ್ಡೋ ನಿಯಮದಲ್ಲಿ ಇನ್ನೊಂದು ಮಾತಿದೆ. ಅಭ್ಯರ್ಥಿ ರಾಜಕೀಯ ಪಕ್ಷಗಳ ಹಣ ಮುಟ್ಟಬಾರದು; ವಿದ್ಯಾರ್ಥಿಗಳು ತಾವಾಗಿ ಕೊಟ್ಟದ್ದನ್ನು ಬಳಸಬಹುದು. ಇದು ಗೋಪಾಲಗೌಡರ ನೋಟೇ ಅಲ್ಲವೇ? ಹಾಗಾಗಿ ಬಳಗದ ಮುಂದೆ ಒಂದು ಸೂಚನೆ ಇಡುತ್ತೇನೆ. ಮುಂದಿನ ಸಲ ನಮ್ಮ ಗೆಳೆಯ ನಿಲ್ಲಲಿ. ನಾವು ತಲೆಗೆ ಹತ್ತು ರೂಪಾಯಿ ಹಾಕೋಣ, ಬೇರೆ ಭಾಷೆಯ ಗೆಳೆಯರನ್ನೂ ಕೇಳೋಣ, ಕೊಟ್ಟವರ ಹೆಸರು, ಖರ್ಚಾದ ಲೆಕ್ಕ ನೋಟೀಸು ಬೋರ್ಡಿಗೆ ಅಂಟಿಸೋಣ. ಅವನು ಗೆಲ್ಲದೆ ಇರಬಹುದು. ಚುನಾವಣೆಯಲ್ಲೇ ಸೋಲಲಿ, ಅದಕ್ಕೆ ಮುಂಚೆ ಬೇಡ.

ಮೊದಲನೆಯ ಹತ್ತು ರೂಪಾಯಿ ನನ್ನದು. ತಿಂದ ಭಟೂರೆಯ ಬೆಲೆ ಅದಕ್ಕಿಂತ ಜಾಸ್ತಿ ಎಂದು ಗೊತ್ತು. ಉಳಿದದ್ದನ್ನು ಪೋಸ್ಟರು ಬರೆದು ತೀರಿಸ್ತೀನಿ.