ಓದಿಗೆಂದು ನುಂಗುವ ಮಾತ್ರೆ: ಮಕ್ಕಳ ಹಕ್ಕುಗಳ ಆಯೋಗಕ್ಕೆ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ,
ಬೆಂಗಳೂರು.

ಇವರಿಂದ,
ವಸತಿ ಪದವಿಪೂರ್ವ ಕಾಲೇಜುಗಳ ವಿದ್ಯಾರ್ಥಿಗಳ ಪೋಷಕರು ಮತ್ತು ಉಪನ್ಯಾಸಕರು.

ವಿಷಯ: ಆರೋಗ್ಯವಂತ ವಿದ್ಯಾರ್ಥಿಗಳು ಓದಿಗಾಗಿ ಮೊಡಾಫಿನಿಲ್, ಮೀಥೈಲ್‌ಫೆನಿಡೇಟ್ ಮಾತ್ರೆಗಳನ್ನು ಸೇವಿಸುತ್ತಿರುವ ಬಗ್ಗೆ ವಿಚಾರಣೆ ನಡೆಸಿ, ಕ್ರಮಕ್ಕೆ ಶಿಫಾರಸು ಮಾಡುವಂತೆ ಕೋರಿ.

ಮಾನ್ಯರೇ,

ನೀಟ್, ಜೆಇಇ, ಸಿಇಟಿ ತಯಾರಿ ನಡೆಸುವ ಹಾಸ್ಟೆಲ್‌ಗಳಲ್ಲಿ ಬೆಳಗಿನ ಜಾವ ಐದಕ್ಕೆ ಗಂಟೆ ಬಾರಿಸಿದರೆ ರಾತ್ರಿ ಹತ್ತು, ಹನ್ನೊಂದಾದರೂ ಸ್ಟಡಿ ಅವರ್ ಮುಗಿಯದು. ಈ ದಿನಚರಿಯಲ್ಲಿ ತೂಕಡಿಸುವ ಮಕ್ಕಳ ಕೈಗೆ 'ನಿದ್ದೆ ಬರದ ಮಾತ್ರೆ', 'ಫೋಕಸ್ ಮಾತ್ರೆ' ಎಂಬ ಹೆಸರಿನಲ್ಲಿ ಈ ಎರಡು ಔಷಧಗಳು ಸೇರುತ್ತಿವೆ. ಸೀನಿಯರ್ ಒಬ್ಬ ಹೆಸರು ಬರೆದುಕೊಡುತ್ತಾನೆ, ಹೊರಗೆ ಬಿಟ್ಟ ಭಾನುವಾರ ಡಾಕ್ಟರ ಚೀಟಿ ಕೇಳದ ಮೆಡಿಕಲ್ ಸ್ಟೋರ್ ಒಂದು ಸಿಕ್ಕೇ ಸಿಗುತ್ತದೆ. ಇಂಥ ಮಕ್ಕಳು ಎಷ್ಟು ಮಂದಿ ಎಂಬ ಅಂಕಿ ಕೊಡಲು ನಾವು ಹೋಗುವುದಿಲ್ಲ. ಸಾಕ್ಷಿಗಳನ್ನು ಕರೆಸಿ ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು 2005ರ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆಯ 14ನೇ ಕಲಂ ತಮಗೆ ಕೊಟ್ಟಿದೆ. ಆ ಲೆಕ್ಕ ತಾವು ತೆಗೆಯಬೇಕು.

ಮೊಡಾಫಿನಿಲ್ ಕೂತಲ್ಲೇ ನಿದ್ದೆಗೆ ಜಾರುವ ನಾರ್ಕೊಲೆಪ್ಸಿ ರೋಗಿಗಳಿಗಾಗಿ ಫ್ರಾನ್ಸಿನಲ್ಲಿ ಹುಟ್ಟಿದ ಔಷಧ. ಗಮನ ನಿಲ್ಲಿಸಲಾಗದ ಎಡಿಎಚ್‌ಡಿ ತೊಂದರೆ ಇರುವ ಮಕ್ಕಳಿಗೆ ಇದನ್ನು ಕೊಡಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲಿ ಒಪ್ಪಲಿಲ್ಲ. ಚರ್ಮವೇ ಸುಲಿದುಹೋಗುವ ಸ್ಟೀವನ್ಸ್-ಜಾನ್ಸನ್ ಕಾಯಿಲೆಯ ಶಂಕೆ ಅದಕ್ಕೆ ಕಾರಣವಾಗಿತ್ತು. ತೊಂದರೆ ಇರುವ ಮಕ್ಕಳಿಗೇ ಬೇಡವೆಂದ ಮಾತ್ರೆಯನ್ನು ಯಾವ ತೊಂದರೆಯೂ ಇಲ್ಲದ ಹದಿನೇಳರ ಹುಡುಗಿ ನುಂಗುತ್ತಿದ್ದಾಳೆ. ಮೀಥೈಲ್‌ಫೆನಿಡೇಟ್ ಎಡಿಎಚ್‌ಡಿಗೆ ನಿಜಕ್ಕೂ ನೆರವಾಗುವ ಔಷಧ, ಆದರೆ ಚಟ ಹಿಡಿಸಬಲ್ಲದು. ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಅದರ ಹೆಸರಿದೆ.

'ಕಾಫಿ ಕುಡಿಯುವುದಿಲ್ಲವೇ, ಇದೂ ಹಾಗೆಯೇ' ಎಂದು ಕೆಲವು ಪೋಷಕರೇ ನಮ್ಮೊಡನೆ ವಾದಿಸಿದ್ದುಂಟು. ಕಾಫಿಯ ಕೆಫೀನ್ ಸುಮಾರು ಐದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೊಡಾಫಿನಿಲ್ ಅರ್ಧಕ್ಕಿಳಿಯಲು 12ರಿಂದ 15 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೆಳಗಿನ ಟೆಸ್ಟ್ ಹೊತ್ತಿಗೂ ಮೈಯಲ್ಲೇ ಇರುತ್ತದೆ. ಮರುದಿನದ ನಿದ್ದೆಯನ್ನೂ ಅದು ತಿನ್ನುತ್ತದೆ.

ಇಷ್ಟಕ್ಕೂ ಬುದ್ಧಿ ಹೆಚ್ಚುತ್ತದೆಯೇ? ನಿದ್ದೆಗೆಡದ ಆರೋಗ್ಯವಂತರ ಮೇಲಿನ ಅಧ್ಯಯನಗಳನ್ನು ಆಕ್ಸ್‌ಫರ್ಡ್ ಮತ್ತು ಹಾರ್ವರ್ಡ್‌ನ ಸಂಶೋಧಕರು 2015ರಲ್ಲಿ ಪರಿಶೀಲಿಸಿದರು. ಮೊಡಾಫಿನಿಲ್‌ನಿಂದ ಯೋಜನೆ ಹಾಕುವ, ತೀರ್ಮಾನಿಸುವ ಕೆಲಸಗಳಲ್ಲಿ ಲಾಭವಿದೆ ಎಂದರು. ಇದನ್ನು ಮುಚ್ಚಿಡುವುದು ನಮಗೆ ಬೇಡ. ಆದರೆ 2023ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂದ ಪ್ರಯೋಗ ಬೇರೆಯೇ ಹೇಳುತ್ತದೆ. ಇಂತಿಷ್ಟೇ ತೂಕ ಹಿಡಿಯುವ ಚೀಲಕ್ಕೆ ಯಾವ ಯಾವ ವಸ್ತು ತುಂಬಿದರೆ ಒಟ್ಟು ಬೆಲೆ ಹೆಚ್ಚು ಎಂಬ ಲೆಕ್ಕವನ್ನು ಆರೋಗ್ಯವಂತ 40 ಮಂದಿಗೆ ಕೊಡಲಾಗಿತ್ತು. ಈ ಮಾತ್ರೆಗಳನ್ನು ತಿಂದಾಗ ಅವರು ಹೆಚ್ಚು ಹೊತ್ತು ಕೂತರು, ಹೆಚ್ಚು ಬಾರಿ ತುಂಬಿ ತೆಗೆದರು, ಆದರೆ ಅವರ ಪ್ರಯತ್ನದ ಗುಣಮಟ್ಟ ಇಳಿದಿತ್ತು. ಮಾತ್ರೆಯಿಲ್ಲದಾಗ ಸರಾಸರಿಗಿಂತ ಮೇಲಿದ್ದವರೇ ಕೆಳಗೆ ಜಾರುವ ಒಲವು ಕಂಡಿತು. ಮೇಜಿನ ಮುಂದೆ ಅಲುಗಾಡದೆ ಕೂತ ಮಗುವನ್ನು ಕಂಡು ಹಿಗ್ಗುವ ವಾರ್ಡನ್‌ಗಳೂ ತಂದೆತಾಯಂದಿರೂ ಓದಬೇಕಾದ ಫಲಿತಾಂಶವಿದು.

ವಯಸ್ಕರು ತಿಳಿದೇ ಇಂಥ ಔಷಧ ಬಳಸಲು ಅವಕಾಶವಿರಬೇಕು ಎಂದು 2008ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಕೆಲವು ವಿದ್ವಾಂಸರು ವಾದಿಸಿದ್ದರು. ಆ ಚರ್ಚೆ ವಯಸ್ಕರಿಗೆ ಇರಲಿ. ಹಾಸ್ಟೆಲ್ಲಿನ ಮಗುವಿಗೆ ಆಯ್ಕೆಯೆಂಬುದೇ ಇಲ್ಲ: ಪಕ್ಕದ ಮಂಚದವನು ನುಂಗಿ ಎರಡು ಗಂಟೆ ಹೆಚ್ಚು ಓದಿದರೆ, ರ‍್ಯಾಂಕಿನ ಹೆದರಿಕೆಗೆ ಇವನೂ ನುಂಗುತ್ತಾನೆ. ಹಾಗೆಂದು ಕ್ರೀಡಾಪಟುಗಳಿಗೆ ಮಾಡುವಂತೆ ಮೂತ್ರ ಪರೀಕ್ಷೆ ಮಾಡಿಸಿ ಎಂದು ನಾವು ಕೇಳುತ್ತಿಲ್ಲ. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಡೆಯುವ ತುಂಬುತೋಳಿನ ಅಂಗಿ, ಕಿವಿಯೋಲೆಗಳ ತಪಾಸಣೆಯಲ್ಲೇ ನಮ್ಮ ಮಕ್ಕಳು ಸಾಕಷ್ಟು ಅವಮಾನ ಉಂಡಿದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2011ರಲ್ಲಿ ಚೀಟಿಯಿಲ್ಲದೆ ಓದಿಗಾಗಿ ಇಂಥ ಔಷಧ ಬಳಸುವುದನ್ನು ಪರೀಕ್ಷಾ ವಂಚನೆಯ ಸಾಲಿಗೆ ಸೇರಿಸಿತು. ಆ ದಾರಿಯೂ ನಮಗೆ ಒಪ್ಪಿಗೆಯಿಲ್ಲ. ಅದರಲ್ಲಿ ತಪ್ಪೆಲ್ಲ ಮಗುವಿನದಾಗುತ್ತದೆ, ವೇಳಾಪಟ್ಟಿ ಬರೆದವರು ಪಾರಾಗುತ್ತಾರೆ.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ವೇಳಾಪಟ್ಟಿಯ ಮೇಲೆಯೇ. ತರಗತಿ ದಿನಕ್ಕೆ ಐದು ಗಂಟೆ ಮೀರಬಾರದು, ತೀರಾ ಮುಂಜಾನೆಯೂ ತೀರಾ ತಡಸಂಜೆಯೂ ಇರಬಾರದು ಎಂದು ಕೋಚಿಂಗ್ ಕೇಂದ್ರಗಳಿಗೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ಪಾಲಿಸಿ ಎಂದು ಕೇಳಿದರೆ ಕಾಲೇಜಿನವರಲ್ಲಿ 'ನಮ್ಮದು ಕೋಚಿಂಗ್ ಅಲ್ಲ, ಕಾಲೇಜು' ಎಂಬ ಉತ್ತರ ಸಿದ್ಧವಿರುತ್ತದೆ. ಕಾಲೇಜಿನೊಳಗೇ ಕೋಚಿಂಗ್ ನಡೆಸುವ ಸಂಸ್ಥೆಗಳಿಗೂ ಈ ಮಿತಿ ಅನ್ವಯಿಸುವಂತೆ, ಹಾಸ್ಟೆಲ್‌ಗಳಲ್ಲಿ ಕನಿಷ್ಠ ಎಂಟು ಗಂಟೆ ಕಾಲ ದೀಪ ಆರಿಸಿಡುವಂತೆ ಪದವಿಪೂರ್ವ ಶಿಕ್ಷಣ ಇಲಾಖೆ ಆದೇಶಿಸಬೇಕು. ಕಾಲೇಜಿನ ಮಾನ್ಯತೆ ನವೀಕರಣಕ್ಕೆ ಇದು ಷರತ್ತಾಗಬೇಕು.

ಎರಡನೆಯದು ಮಾರಾಟ. ಮೀಥೈಲ್‌ಫೆನಿಡೇಟ್ ಔಷಧ ನಿಯಮಗಳ 'ಎಕ್ಸ್' ಪಟ್ಟಿಯಲ್ಲಿದೆ: ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು, ದಾಸ್ತಾನು ಬೀಗದೊಳಗಿರಬೇಕು. ಹಾಸ್ಟೆಲ್‌ಗಳ ಸುತ್ತಲಿನ ಅಂಗಡಿಗಳಲ್ಲಿ ಇದು ಪಾಲನೆಯಾಗುತ್ತಿದೆಯೇ ಎಂದು ಔಷಧ ನಿಯಂತ್ರಣ ಅಧಿಕಾರಿಗಳಿಂದ ತಪಾಸಣೆ ಮಾಡಿಸಿ ವರದಿ ತರಿಸಿಕೊಳ್ಳಬೇಕು. ಮೊಡಾಫಿನಿಲ್ ಮಾರಾಟಕ್ಕೆ 'ಎಚ್1' ಪಟ್ಟಿಯ ಔಷಧಗಳಿಗಿರುವಂತೆ ವೈದ್ಯರು, ರೋಗಿಯ ಹೆಸರು ಬರೆದಿಡುವ ಪ್ರತ್ಯೇಕ ರಿಜಿಸ್ಟರ್ ಇರಬೇಕು. ಪಟ್ಟಿಯ ವಿಚಾರ ಕೇಂದ್ರದ ಕೈಯಲ್ಲಿರುವುದರಿಂದ ರಾಜ್ಯ ಸರ್ಕಾರ ಅಲ್ಲಿಗೆ ಬರೆಯುವಂತೆ ಶಿಫಾರಸು ಮಾಡಬೇಕು. ಆನ್‌ಲೈನ್ ಮಾರಾಟವೂ ಇದರಿಂದ ಹೊರಗುಳಿಯಬಾರದು.

ಮಾತ್ರೆಯೊಂದಿಗೆ ಸಿಕ್ಕಿಬಿದ್ದ ಮಗುವನ್ನು ಕಾಲೇಜಿನಿಂದ ಹೊರಹಾಕಬಾರದು, ಠಾಣೆಗೂ ಕಳಿಸಬಾರದು. ಪೋಷಕರ ಸಮ್ಮುಖದಲ್ಲಿ ವೈದ್ಯರಿಗೆ ತೋರಿಸಬೇಕು. ಎಡಿಎಚ್‌ಡಿಗೆ ಕ್ರಮಬದ್ಧ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳಿಗೆ ಈ ಬಿಗಿಯಿಂದ ಔಷಧ ತಪ್ಪದಂತೆಯೂ ನೋಡಿಕೊಳ್ಳಬೇಕು. ಈ ಮಾತ್ರೆ ಕುಟುಂಬದ ಪಾಲಿಗೆ ವರವಾದವರೂ ನಮ್ಮ ನಡುವೆ ಇದ್ದಾರೆ.

ಮತ್ತೊಮ್ಮೆ ಪರೀಕ್ಷೆಗೆ ತಯಾರಾಗುವ, ಹದಿನೆಂಟು ದಾಟಿದ ಲಾಂಗ್ ಟರ್ಮ್ ಬ್ಯಾಚಿನವರು ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಅವರೂ ಅದೇ ಹಾಸ್ಟೆಲ್ಲಿನಲ್ಲೇ ಮಲಗುವುದರಿಂದ ವೇಳಾಪಟ್ಟಿ ತಿದ್ದಿದರೆ ಅದರ ಲಾಭ ಅವರಿಗೂ ಸಲ್ಲುತ್ತದೆ.

ನೀಟ್ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುತ್ತದೆ. ಮಕ್ಕಳು ಹೆಚ್ಚು ನಿದ್ದೆಗೆಡುವುದು ಅದರ ಹಿಂದಿನ ಮೂರು ತಿಂಗಳು. ಅದಕ್ಕೂ ಮೊದಲೇ ವಿಚಾರಣೆ ಕೈಗೆತ್ತಿಕೊಂಡು, ಹೇಳಿಕೆ ನೀಡಲು ನಮಗೊಂದು ದಿನ ಗೊತ್ತುಪಡಿಸಬೇಕೆಂದು ಕೋರುತ್ತೇವೆ. ಮಕ್ಕಳ ಹೆಸರು ಗೋಪ್ಯವಾಗಿರುವುದೆಂಬ ಭರವಸೆ ಸಿಕ್ಕರೆ ಅವರಲ್ಲಿ ಕೆಲವರೂ ಬಂದು ಮಾತಾಡಲು ಒಪ್ಪಿದ್ದಾರೆ.


ತಮ್ಮ ವಿಶ್ವಾಸಿಗಳು,
(ಪೋಷಕರು ಮತ್ತು ಉಪನ್ಯಾಸಕರ ಸಹಿಗಳು)