ಉತ್ತರ ಗೊತ್ತಿದ್ದ ಹುಡುಗನ ಮೌನ

ಕರಾವಳಿಯ ಒಂದು ಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ವಿಜ್ಞಾನ ಪಾಠ ವೀಕ್ಷಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಏಳನೇ ತರಗತಿ. "ಬೀಜ ಮೊಳೆಯಲು ಏನೇನು ಬೇಕು?" ಎಂಬ ಪ್ರಶ್ನೆಗೆ ಮುಂದಿನ ಸಾಲಿನವರು ಒಕ್ಕೊರಲಿನಿಂದ "ನೀರು, ಗಾಳಿ, ಬಿಸಿಲು" ಎಂದರು. ಪ್ರಶಿಕ್ಷಣಾರ್ಥಿ ಹಿಂದಿನ ಸಾಲಿನ ಹುಡುಗನೊಬ್ಬನನ್ನು ಎಬ್ಬಿಸಿದರು. ಅವನು ತಲೆ ತಗ್ಗಿಸಿ ನಿಂತ. ಮತ್ತೆ ಕೇಳಿದಾಗ "ಗೊತ್ತಿಲ್ರಿ ಅಕ್ಕೋರ" ಎಂದ. ತರಗತಿ ಗೊಳ್ಳೆಂದು ನಕ್ಕಿತು. ವೀಕ್ಷಣಾ ಹಾಳೆಯಲ್ಲಿ 'ವಿದ್ಯಾರ್ಥಿಗಳ ಪ್ರತಿಕ್ರಿಯೆ' ಎಂಬಲ್ಲಿ ನಾನು ಒಳ್ಳೆಯ ಅಂಕ ಕೊಟ್ಟೆ. ಕೆಳಗೆ "ನಿಧಾನ ಕಲಿಕೆಯವರ ಕಡೆ ಗಮನವಿರಲಿ" ಎಂದು ಷರಾ ಬರೆದೆ.

ಬಿಸಿಯೂಟದ ಹೊತ್ತಿಗೆ ಆ ಪ್ರಶಿಕ್ಷಣಾರ್ಥಿ ಹುಡುಗನ ಪಕ್ಕದಲ್ಲಿ ತಟ್ಟೆ ಹಿಡಿದು ಕುಳಿತು, ನಿಮ್ಮೂರಲ್ಲಿ ಏನು ಬೆಳೀತಾರೆ ಎಂದು ಕೇಳಿದರು. ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆಂದು ಕೊಪ್ಪಳದ ಕಡೆಯಿಂದ ಬಂದವರು. ಹುಡುಗ ಬಾಯಿ ಬಿಟ್ಟ. "ಜ್ವಾಳ ರೀ. ಮಳಿ ನಿಂತ ಮ್ಯಾಲೆ ನೆಲದಾಗ ಹಸಿ ಇರತೈತ್ರಿ, ಆವಾಗ ಕೂರಿಗಿ ಹೂಡ್ತಾರ. ಮ್ಯಾಲೆ ಬಿದ್ದ ಕಾಳ ಹುಟ್ಟಂಗಿಲ್ರಿ, ಒಳಗ ಬೀಳಬೇಕು."

ಹಿಂಗಾರಿ ಜೋಳದ ಬಿತ್ತನೆಯ ತಿರುಳೆಲ್ಲ ಆ ಮೂರು ಮಾತಿನಲ್ಲಿತ್ತು. ಎರೆ ಭೂಮಿ ಹಿಡಿದಿಟ್ಟ ತೇವ, ಮಣ್ಣಿನೊಳಗಿನ ಕತ್ತಲೆ, ಅಲ್ಲಿ ಒಡೆಯುವ ಮೊಳಕೆ. ಹೆಚ್ಚಿನ ಬೀಜಗಳು ಮೊಳೆಯಲು ನೀರು, ಗಾಳಿ ಮತ್ತು ತಕ್ಕಷ್ಟು ಉಷ್ಣತೆ ಬೇಕು, ಬಿಸಿಲು ಬೇಕಿಲ್ಲ. ಅಂದರೆ ಒಕ್ಕೊರಲಿನ ಉತ್ತರ ತಪ್ಪಾಗಿತ್ತು. ಅದನ್ನು ತಿದ್ದಬಲ್ಲವನು ತರಗತಿಯಲ್ಲೇ ಇದ್ದ. ನಾವು ಸದ್ದಿಗೆ ಅಂಕ ಕೊಟ್ಟು, ತಿಳಿವಳಿಕೆಗೆ 'ನಿಧಾನ ಕಲಿಕೆ' ಎಂದು ಹೆಸರಿಟ್ಟಿದ್ದೆವು.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ನಕ್ಕ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಅವರು ಕನ್ನಡ ಕಲಿತದ್ದು ಶಾಲೆಯಲ್ಲಿ, ಪುಸ್ತಕದಿಂದ. ಆ ತರಗತಿಯಲ್ಲಿ ಮನೆಯಲ್ಲಿ ಕನ್ನಡ ಆಡುವವನು ಅವನೊಬ್ಬನೇ. ಅವನ ಕನ್ನಡಕ್ಕೇ ಎಲ್ಲರೂ ನಕ್ಕಿದ್ದರು. 'ಅಕ್ಕೋರು' ಎಂಬುದು ಅವನೂರಿನಲ್ಲಿ ಶಿಕ್ಷಕಿಗೆ ಸಲ್ಲುವ ಗೌರವದ ಮಾತು ಎಂದು ಆ ಕ್ಷಣ ಹೇಳಬೇಕಾದವರು ನಾವು. ಹೇಳಲಿಲ್ಲ.

ಬೇರೆ ಸಂಸ್ಕೃತಿ ಎಂದರೆ ಬೇರೆ ಉಡುಗೆ, ಊಟ, ಹಬ್ಬ ಎಂದು ನಾವು ಕಲಿಸುತ್ತ ಬಂದಿದ್ದೇವೆ. ಶಾಲಾ ವಾರ್ಷಿಕೋತ್ಸವದ ವೇದಿಕೆಗೆ ಅದು ಸಾಕು, ತರಗತಿಗೆ ಸಾಲದು. ಯಾರು ಯಾರನ್ನು ಪ್ರಶ್ನಿಸಬಹುದು, ಎಲ್ಲರೆದುರು ಮಾತಾಡುವುದು ಜಾಣತನವೋ ಉದ್ಧಟತನವೋ ಎಂಬ ಎಣಿಕೆಯೂ ಸಂಸ್ಕೃತಿಯೇ. ಅಮೆರಿಕದ ಒರೆಗಾನ್ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಮೂಲನಿವಾಸಿ ಪ್ರದೇಶದ ಶಾಲೆಗಳಲ್ಲಿ ಸೂಸನ್ ಫಿಲಿಪ್ಸ್ ಇದನ್ನೇ ಗಮನಿಸಿದರು. ಅವರ ಪುಸ್ತಕ 1983ರಲ್ಲಿ ಬಂತು. ಇಡೀ ತರಗತಿಯೆದುರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದಾಗ ಮಾತಾಡದ ಮಕ್ಕಳು, ಗುಂಪಿನಲ್ಲಿ ತಾವೇ ಕೆಲಸ ಮಾಡುವಾಗ, ಶಿಕ್ಷಕರೊಡನೆ ಒಂಟಿಯಾಗಿರುವಾಗ ಚೆನ್ನಾಗಿ ಮಾತಾಡುತ್ತಿದ್ದರು. ಮನೆಯಲ್ಲಿ ಅವರು ಹಿರಿಯರನ್ನು ನೋಡಿ, ತಾವಾಗಿ ಮಾಡಿ ನೋಡಿ ಕಲಿಯುತ್ತಿದ್ದರು. ಎಲ್ಲರೆದುರು ತಪ್ಪುತ್ತ ಕಲಿಯುವ ರೂಢಿ ಅಲ್ಲಿರಲಿಲ್ಲ.

ಹಾಗೆಂದು "ಉತ್ತರ ಕರ್ನಾಟಕದ ಮಕ್ಕಳು ತರಗತಿಯಲ್ಲಿ ಮಾತಾಡುವುದಿಲ್ಲ" ಎಂದು ಯಾರೂ ಟಿಪ್ಪಣಿ ಬರೆದುಕೊಳ್ಳಬೇಡಿ. ಅದು ಇನ್ನೊಂದು ಹಣೆಪಟ್ಟಿ. ಅದೇ ಊರಿನ ಮತ್ತೊಬ್ಬ ಹುಡುಗ ಮೊದಲು ಕೈಯೆತ್ತಬಹುದು. ಸಂಸ್ಕೃತಿಯ ಅರಿವು ಮಗುವಿನ ಬಗ್ಗೆ ಸಿದ್ಧ ಉತ್ತರ ಕೊಡುವುದಿಲ್ಲ, ತೀರ್ಪು ಕೊಡುವ ಮುನ್ನ ಇನ್ನೊಂದು ರೀತಿಯಲ್ಲಿ ಕೇಳಿ ನೋಡು ಎನ್ನುತ್ತದೆ.

ನಮ್ಮ ಅಭ್ಯಾಸ ಬೋಧನೆಯಲ್ಲಿ ಮೂರು ಬದಲಾವಣೆ ಆಗಬೇಕೆಂಬುದು ನನ್ನ ಅಭಿಪ್ರಾಯ. ಒಂದು, ಮೊದಲ ಪಾಠಕ್ಕೆ ಮುಂಚೆ ಪ್ರಶಿಕ್ಷಣಾರ್ಥಿ ಆ ತರಗತಿಯಲ್ಲಿ ಎರಡು ಅವಧಿ ಸುಮ್ಮನೆ ಕುಳಿತು, ಒಮ್ಮೆ ಮಕ್ಕಳೊಡನೆ ಬಿಸಿಯೂಟ ಮಾಡಿ, ಯಾವ ಮಗು ಎಲ್ಲಿ, ಯಾರೊಡನೆ, ಯಾವ ಮಾತಿನಲ್ಲಿ ಮಾತಾಡುತ್ತದೆ ಎಂದು ಬರೆದುಕೊಳ್ಳಲಿ. ಎರಡು, ಪಾಠ ಯೋಜನೆಯ ಒಂದು ಮುಖ್ಯ ಪ್ರಶ್ನೆಯಾದರೂ ಮೊದಲು ಇಬ್ಬಿಬ್ಬರ ಮಾತುಕತೆಗೆ ಹೋಗಿ, ಆಮೇಲೆ ತರಗತಿಗೆ ಬರಲಿ. ಮೂರು, ವೀಕ್ಷಣಾ ಹಾಳೆಯಲ್ಲಿ 'ಪ್ರತಿಕ್ರಿಯೆ' ಎಂಬುದರ ಜೊತೆಗೆ 'ಯಾರು ಮಾತಾಡಲಿಲ್ಲ, ಅವರಿಗಾಗಿ ಏನು ಮಾಡಿದರು' ಎಂದು ಸೇರಿಸೋಣ.

ನಲವತ್ತು ನಿಮಿಷದಲ್ಲಿ ಇದೆಲ್ಲ ಎಲ್ಲಿ ಸಾಧ್ಯ ಎನ್ನುವವರಿದ್ದಾರೆ. ನಿಜ, ಸಮಯ ಕಡಿಮೆ. ಆದರೆ ಇಬ್ಬಿಬ್ಬರ ಮಾತಿಗೆ ಎರಡು ನಿಮಿಷ ಸಾಕು. ಬಹುಭಾಷಿಕತೆ ತರಗತಿಯ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ನಾವು ಪರೀಕ್ಷೆಗೆ ಬರೆಸುತ್ತೇವೆ. ಆ ಎರಡು ನಿಮಿಷ ಕೊಡದಿದ್ದರೆ ಅದು ಉತ್ತರಪತ್ರಿಕೆಯಲ್ಲೇ ಉಳಿಯುತ್ತದೆ.

ಮರುದಿನ ಪ್ರಶಿಕ್ಷಣಾರ್ಥಿ ಎರಡು ಬಟ್ಟಲು ತಂದರು. ಎರಡರಲ್ಲೂ ಒದ್ದೆ ಹತ್ತಿಯ ಮೇಲೆ ಹೆಸರುಕಾಳು. ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಕಪಾಟಿನೊಳಗೆ ಇಟ್ಟರು. ಅದನ್ನು ನೋಡಿಕೊಳ್ಳುವ ಕೆಲಸ ಆ ಹುಡುಗನಿಗೂ ಅವನ ಪಕ್ಕದವನಿಗೂ. ಎರಡರಲ್ಲೂ ಮೊಳಕೆ ಬಂತು. ಅದನ್ನು ತರಗತಿಗೆ ವಿವರಿಸಿದವನು ಪಕ್ಕದವನೇ. ನಮ್ಮ ಹುಡುಗ ಬಟ್ಟಲು ಹಿಡಿದು ನಿಂತಿದ್ದ. ಯಾರೂ ನಗಲಿಲ್ಲ. ಸದ್ಯಕ್ಕೆ ಅಷ್ಟು ಸಾಕೆಂದುಕೊಂಡು, ಹಳೆಯ ಹಾಳೆಯಲ್ಲಿ ಬರೆದಿದ್ದ ನನ್ನ ಷರಾವನ್ನು ಹೊಡೆದುಹಾಕಿದೆ.