ಕೀಮೋಗೆ ಕಾರ್ಡಿದೆ, ಆಮೇಲಿನ ಸುಸ್ತಿಗೆ?

ಶಿರಾದ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಬೆಂಗಳೂರಿನ ಕಿದ್ವಾಯಿಯಲ್ಲಿ ಕೊಡುವ ಕೀಮೋ ಕೂಡ ಅದರಲ್ಲಿ ಬರುತ್ತೆ. ಆದರೆ ಸುಸ್ತು, ಆತಂಕ, ನಿದ್ದೆಗೇಡು ಕಾಡೋದು ಊರಿಗೆ ವಾಪಸ್ ಬಂದ ಮೇಲೆ.

ಸುಸ್ತಿಗೆ ವ್ಯಾಯಾಮ, ಆತಂಕಕ್ಕೆ ಧ್ಯಾನ-ಯೋಗ ನೆರವಾಗುತ್ತೆ ಅಂತ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋದ ಮಾರ್ಗಸೂಚಿಗಳೇ ಹೇಳುತ್ತವೆ. ಇವು ಗೆಡ್ಡೆ ಕರಗಿಸಲ್ಲ, ಚಿಕಿತ್ಸೆ ತಾಳಿಕೊಳ್ಳೋ ಶಕ್ತಿ ಕೊಡುತ್ತವೆ.

ಆಯುಷ್ ಚಿಕಿತ್ಸೆಯನ್ನೂ ಸಮನಾಗಿ ಕಾಣಿ ಅಂತ ಐಆರ್‌ಡಿಎಐ 2024ರಲ್ಲೇ ವಿಮಾ ಕಂಪನಿಗಳಿಗೆ ಸೂಚಿಸಿದೆ. ಆದರೆ ಹೆಚ್ಚಿನ ಪಾಲಿಸಿಗಳು ದುಡ್ಡು ಕೊಡೋದು ಅಡ್ಮಿಟ್ ಆದರೆ ಮಾತ್ರ. ಯೋಗ ಕಲಿಯೋಕೆ ಯಾರಾದರೂ ಅಡ್ಮಿಟ್ ಆಗ್ತಾರಾ?

2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರು ಮಾಡಿತು. ಪುರಾವೆ ಇರುವ ಪೂರಕ ಚಿಕಿತ್ಸೆಯೂ ಆ ಪ್ಯಾಕೇಜಿಗೆ ಸೇರಲಿ, ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ಇಲ್ಲದಿದ್ದರೆ ಆ ಜಾಗಕ್ಕೆ 'ಕ್ಯಾನ್ಸರ್ ವಾಸಿ' ಕಷಾಯ ಮಾರೋರು ಬರ್ತಾರೆ.